ಕಲ್ಯದ ಶಾಸನ, ಗೌತಮಪುರದ ಮೈದಾನ

ಮಾಗಡಿ ಸೀಮೆಗೆ ಬಂದವರು ಸಾಮಾನ್ಯವಾಗಿ ಸಾವನದುರ್ಗದ ಹೆಬ್ಬಂಡೆಯನ್ನೂ ರಂಗನಾಥಸ್ವಾಮಿ ಗುಡಿಯನ್ನೂ ನೋಡಿ ಹಿಂದಿರುಗುತ್ತಾರೆ. ಅದೇ ತಾಲ್ಲೂಕಿನ ಕಲ್ಯದತ್ತ ತಿರುಗುವವರು ಕಡಿಮೆ. ಒಂದು ಕಾಲಕ್ಕೆ ಇದು ಜೈನರ ನೆಲೆ, ಮುಂದೆ ವೀರಶೈವರ ಕೇಂದ್ರ. ಪಾಲ್ಕುರಿಕೆ ಸೋಮನಾಥ ಐಕ್ಯನಾದದ್ದು ಇಲ್ಲೇ ಎಂಬ ಪ್ರತೀತಿಯಿದೆ. ಆದರೆ ಕಲ್ಯಕ್ಕೆ ಚರಿತ್ರೆಯಲ್ಲಿ ಸ್ಥಾನ ತಂದುಕೊಟ್ಟದ್ದು 1368ರ ಬುಕ್ಕರಾಯನ ಶಾಸನ. ಶ್ರವಣಬೆಳಗೊಳದ ಪ್ರಸಿದ್ಧ ಶಾಸನದ ಪ್ರತಿ ಇಲ್ಲಿಯೂ ದೊರೆತಿದೆ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಂದಾಗ ದೊರೆ ಎರಡೂ ಪಕ್ಷದವರನ್ನು ಕೂಡಿಸಿ, ಒಬ್ಬರ ಕೈಯನ್ನು ಇನ್ನೊಬ್ಬರ ಕೈಯಲ್ಲಿರಿಸಿ, ಇಬ್ಬರಲ್ಲೂ ಭೇದವಿಲ್ಲವೆಂದು ತೀರ್ಪಿತ್ತ. ಜೈನರಿಗಾದ ಹಾನಿಯನ್ನು ವೈಷ್ಣವರು ತಮಗಾದ ಹಾನಿಯೆಂದೇ ಬಗೆಯಬೇಕು ಎಂಬುದು ಅದರ ತಿರುಳು.

ಈ ತೀರ್ಪಿಗೂ ಮಕ್ಕಳ ಫುಟ್‌ಬಾಲಿಗೂ ಏನು ನಂಟು ಎಂದು ಕೇಳಬಹುದು. ಒಳ್ಳೆಯ ಕ್ಲಬ್ಬಿನ ಮೊದಲ ಲಕ್ಷಣವೇ ಇದು: ತಂಡದ ಅತ್ಯಂತ ದುರ್ಬಲ ಹುಡುಗನ ನೋವು ಎಲ್ಲರ ನೋವಾಗಬೇಕು.

ಇದನ್ನು ಕಣ್ಣಾರೆ ಕಾಣಬೇಕೆನ್ನುವವರು ಬೆಂಗಳೂರಿನ ಹಲಸೂರು ಬಳಿಯ ಗೌತಮಪುರಕ್ಕೆ ಹೋಗಬೇಕು. ಇಕ್ಕಟ್ಟಾದ ಬೀದಿಗಳ ಈ ಶ್ರಮಿಕರ ಬಡಾವಣೆಯಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಅವರ ಜೊತೆಗೆ ಬ್ರೆಜಿಲ್‌ನ ಪೆಲೆಯ ಪ್ರತಿಮೆಯೂ ನಿಂತಿದೆ. ಜನ ಇದನ್ನು 'ಮಿನಿ ಬ್ರೆಜಿಲ್' ಎಂದೇ ಕರೆಯುತ್ತಾರೆ. ದೊಡ್ಡವರ ಆಟ ನೋಡುತ್ತಲೇ ಚಿಕ್ಕವರು ಕಲಿಯುತ್ತಾರೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಆ ತಂಡದ ಬಹುತೇಕರು ಬರಿಗಾಲಲ್ಲಿ ಆಡಿದ್ದರು. 2023ರ ಮಾರ್ಚ್‌ನಲ್ಲಿ ಕರ್ನಾಟಕ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದಿತು.

ಹೀಗಿರುವಾಗ ತಂದೆತಾಯಿಗಳು ಕ್ಲಬ್ಬನ್ನು ಶುಲ್ಕ, ಸಮವಸ್ತ್ರ, ಕಪಾಟಿನ ಕಪ್ಪುಗಳಿಂದ ಅಳೆಯುವುದು ಸರಿಯಲ್ಲ. ಎಂಟು ವರ್ಷದವರೆಗೆ 3ನೇ ಅಳತೆಯ ಚೆಂಡು, ಹನ್ನೆರಡರವರೆಗೆ 4ನೆಯದು ಇದೆಯೇ ನೋಡಬೇಕು. ದೊಡ್ಡವರ 5ನೇ ಅಳತೆಯ ಚೆಂಡು 410ರಿಂದ 450 ಗ್ರಾಂ ತೂಗುತ್ತದೆ. ಎಳೆಯ ಕಾಲಿಗೆ ಅದು ಹೊರೆ. ಚಿಕ್ಕವರನ್ನು ಹನ್ನೊಂದು ಮಂದಿಯ ಬದಲು ಐದೈದು ಮಂದಿಯಂತೆ ಆಡಿಸಿದರೆ ಪ್ರತಿಯೊಬ್ಬನ ಕಾಲಿಗೂ ಚೆಂಡು ಹೆಚ್ಚು ಸಲ ಸಿಗುತ್ತದೆ. ಹತ್ತು ವರ್ಷ ಮತ್ತು ಅದಕ್ಕಿಂತ ಚಿಕ್ಕವರು ತಲೆಯಿಂದ ಚೆಂಡು ಹೊಡೆಯಬಾರದೆಂದು ಅಮೆರಿಕದ ಫುಟ್‌ಬಾಲ್ ಸಂಸ್ಥೆ 2015ರಲ್ಲೇ ನಿಯಮ ಮಾಡಿತು. ಬೆಳೆಯುವ ಮೂಳೆಗಳ ತುದಿಯಲ್ಲಿ ಮೃದ್ವಸ್ಥಿಯ ಪದರವಿರುತ್ತದೆ. ಬಿಡುವಿಲ್ಲದ ಅಭ್ಯಾಸ ಅದನ್ನು ನೋಯಿಸುತ್ತದೆ. ಆದ್ದರಿಂದ ವಾರದಲ್ಲಿ ವಿಶ್ರಾಂತಿಯ ದಿನ, ಆಟದ ನಡುವೆ ನೀರು ಇರಲೇಬೇಕು. ಅಭ್ಯಾಸದ ವೇಳೆ ಪೋಷಕರು ಬಂದು ನೋಡಲು ಅಡ್ಡಿಯಿರಬಾರದು. ಹುಡುಗಿಯರಿಗೂ ಸಮಪಾಲು ಸಿಗಬೇಕು.

'ಬೆಳೆಯುವ ಸಿರಿ ಮೊಳಕೆಯಲ್ಲಿ' ಎಂಬ ಗಾದೆ ಇಲ್ಲಿ ದಾರಿ ತಪ್ಪಿಸುತ್ತದೆ. ಹನ್ನೊಂದನೇ ವಯಸ್ಸಿನಲ್ಲಿ ಎತ್ತರವಾಗಿ, ಬಿರುಸಾಗಿ ಓಡುವ ಹುಡುಗನಿಗೆ ಹಲವು ಬಾರಿ ಇರುವುದು ಪ್ರತಿಭೆಯಲ್ಲ, ಬೇಗ ಬಂದ ಬೆಳವಣಿಗೆ. ತಡವಾಗಿ ಬೆಳೆಯುವವನನ್ನು ಅಂಚಿನಲ್ಲಿ ಕೂರಿಸಿದರೆ ಅವನು ಹದಿಮೂರಕ್ಕೇ ಆಟ ಬಿಡುತ್ತಾನೆ. ಅಂಥ ಕ್ಲಬ್ಬು ಕಪ್ಪು ಗೆದ್ದೂ ಮಗುವನ್ನು ಕಳೆದುಕೊಳ್ಳುತ್ತದೆ.

ಪರೀಕ್ಷೆ ಹತ್ತಿರವಾದೊಡನೆ ಆಟ ನಿಲ್ಲಿಸುವುದು ಮನೆಮನೆಯ ರೂಢಿ. ಸಂಜೆ ಒಂದು ಗಂಟೆ ಓಡಿದ ಹುಡುಗ ರಾತ್ರಿ ಚೆನ್ನಾಗಿ ನಿದ್ರಿಸುತ್ತಾನೆ. ನಿದ್ರೆ ಸರಿಯಾದರೆ ಓದಿದ್ದು ನೆನಪಿನಲ್ಲಿ ನಿಲ್ಲುತ್ತದೆ.

ಇಷ್ಟಕ್ಕೆಲ್ಲ ಹಳ್ಳಿಯ ಮಕ್ಕಳು ಪಟ್ಟಣಕ್ಕೆ ಹೋಗಬೇಕಾಗಿಲ್ಲ. ಊರ ಶಾಲೆಯ ಬಯಲು, ತಕ್ಕ ಅಳತೆಯ ಎರಡು ಚೆಂಡು, ತಾಳ್ಮೆಯ ಒಬ್ಬ ಹಿರಿಯ, ಎಲ್ಲರಿಗೂ ಒಂದೇ ಆದ ನಿಯಮ ಇದ್ದರೆ ಕ್ಲಬ್ಬು ಹುಟ್ಟಿದಂತೆಯೇ.