ದಿಂಬು ತಲೆ ಕೆಳಗಿರಲಿ

ಅಮ್ಮನ ಬಲಮಂಡಿ ಬದಲಾಯಿಸಿ ನಾಳೆಗೆ 6 ವಾರ. ಇಷ್ಟು ದಿನ ಇತ್ತ ತಲೆ ಹಾಕದಿದ್ದಕ್ಕೆ ಅದೇ ಕಾರಣ.

ಮಂಡಿ ಸವೆಯಲು ಶುರುವಾಗಿ ಎಷ್ಟೋ ವರ್ಷ ಆಗಿತ್ತು. ಅಮ್ಮ ಮೊದಲು ರಂಗೋಲಿ ಬಿಟ್ಟಳು, ಆಮೇಲೆ ಈಳಿಗೆಮಣೆ, ಕೊನೆಗೆ ದೇವಸ್ಥಾನದ ನಾಲ್ಕು ಮೆಟ್ಟಿಲು. ಆಗ ಆಪರೇಷನ್ನಿಗೆ ಒಪ್ಪಿಕೊಂಡಳು.

ಮಾರನೇ ಬೆಳಿಗ್ಗೆಯೇ ಫಿಸಿಯೋಥೆರಪಿ ಹುಡುಗಿ ವಾಕರ್ ತಂದು "ಏಳಿ ಆಂಟಿ, ನಡೆಯೋಣ" ಅಂದಾಗ ನನಗೇ ತಲೆ ತಿರುಗಿತು. ಹೊಲಿಗೆ ಇನ್ನೂ ಹಸಿ! ಅಮ್ಮ ನನ್ನ ಮುಖ ನೋಡಿದಳು, ನಾನು ಗೋಡೆ ನೋಡಿದೆ. ಬಾಗಿಲವರೆಗೆ 12 ಹೆಜ್ಜೆ (ಎಣಿಸಿದ್ದೆ). ಮಲಗೇ ಇದ್ದರೆ ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಅದು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಅದಕ್ಕೇ ಹಾಸಿಗೆಯಲ್ಲಿದ್ದಾಗಲೂ ಪಾದ ಮೇಲೆ ಕೆಳಗೆ ಆಡಿಸುತ್ತಿರಬೇಕು. ಅಮ್ಮ ಅದಕ್ಕೆ "ಹೊಲಿಗೆ ಮಿಷನ್ ತುಳಿಯೋದು" ಅಂತ ಹೆಸರಿಟ್ಟಳು.

ಮನೆಗೆ ಬಂದ ಮೇಲೆ ತಪ್ಪು ಮಾಡಿದ್ದು ನಾನು. ರಾತ್ರಿ ಅವಳು ನರಳೋದು ಕೇಳಲಾರದೆ ಮಂಡಿ ಕೆಳಗೆ ದಪ್ಪ ದಿಂಬು ಇಟ್ಟೆ. "ಹಾ... ಈಗ ಹಾಯಾಯ್ತು ಕಣೋ" ಅಂದಳು. ವ್ಯಾಯಾಮದ ಹೊತ್ತಿಗೆ ಮುಖ ಸಣ್ಣಗಾದರೆ "ಇವತ್ತು ಬೇಡ ಬಿಡಮ್ಮ" ಅಂದೆ. ಐದು ದಿನ ಹೀಗೇ.

ಫಿಸಿಯೋ ಹುಡುಗಿ ಮನೆಗೆ ಬಂದು ಅಳೆದು ನೋಡಿದಳು. ಕಾಲು ನೆಟ್ಟಗೆ ಚಾಚುತ್ತಿಲ್ಲ, ಮಡಿಸಿದರೆ 60 ಡಿಗ್ರಿಗೇ ನಿಲ್ಲುತ್ತೆ. ಕುರ್ಚಿಯಿಂದ ಸಲೀಸಾಗಿ ಏಳೋಕೆ 90 ಆದರೂ ಬೇಕು. ದಿಂಬು ಕಿತ್ತು, ಹಿಮ್ಮಡಿ ಕೆಳಗೆ ಸುತ್ತಿದ ಟವೆಲ್ ಇಟ್ಟಳು. "ದಿಂಬಿನ ಮೇಲೇ ಇದ್ದರೆ ಮಂಡಿ ಡೊಂಕಾಗಿ ಬಿಗಿದುಕೊಳ್ಳುತ್ತೆ ಸರ್. ಈ ವಾರಗಳನ್ನ ಕಳಕೊಂಡರೆ ಆಮೇಲೆ ತುಂಬಾ ಕಷ್ಟ."

ಅವತ್ತಿಂದ ಟೈಮ್‌ಟೇಬಲ್. ಡಾಕ್ಟರು ಕೊಟ್ಟ ನೋವಿನ ಮಾತ್ರೆ, ಅರ್ಧ ಗಂಟೆ ಬಿಟ್ಟು ಹಿಮ್ಮಡಿ ಜಾರಿಸಿ ಮಂಡಿ ಮಡಿಸೋದು, ಆಮೇಲೆ ಬಟ್ಟೆಯಲ್ಲಿ ಸುತ್ತಿದ ಐಸು. ಮೊದಲ ರಾತ್ರಿ ಅಮ್ಮ ಅತ್ತೇಬಿಟ್ಟಳು. "ನಿಂಗೆ ನನ್ನ ಮೇಲೆ ಕರುಣೆ ಇಲ್ವೇನೋ?"

ಇತ್ತು. ತೊಂದರೆ ಆಗಿದ್ದೇ ಅದರಿಂದ. ಆದರೆ ಆ ಹೊತ್ತಲ್ಲಿ ಹಾಗೆಲ್ಲ ಹೇಳೋಕಾಗುತ್ಯೇ? ಸುಮ್ಮನೆ "ಇನ್ನೊಂದ್ಸಲ ಅಮ್ಮ" ಅಂದೆ. ಆಚೆ ಹೋಗಿ ನಾನೂ ಕಣ್ಣೊರೆಸಿಕೊಂಡೆ.

ನಿನ್ನೆ ಅಳತೆ 110! ಸಂಜೆ ದೇವಸ್ಥಾನದ ನಾಲ್ಕೂ ಮೆಟ್ಟಿಲು ಹತ್ತಿದಳು. ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ಆಪರೇಷನ್ ಕಾಲು. ಮಂತ್ರದ ಹಾಗೆ ಹೇಳಿಕೊಂಡೇ ಇಳಿದಳು. ನೆಲದ ಮೇಲೆ ಕೂರೋದು ಮಾತ್ರ ಬೇಡ ಅಂದಿದ್ದಾರೆ ಡಾಕ್ಟರು, ಹಾಗಾಗಿ ಈಳಿಗೆಮಣೆ ಅಟ್ಟ ಸೇರಿದೆ. ಇವತ್ತು ಬೆಳಿಗ್ಗೆ ನೋಡಿದರೆ ಅಡುಗೆಕಟ್ಟೆ ಮುಂದೆ ನಿಂತು ಚಾಕುವಿನಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದಳು, ಸೊಟ್ಟಸೊಟ್ಟ. "ಈ ಚಾಕು ನನ್ನ ಮಾತು ಕೇಳಲ್ಲ ಕಣೋ" ಅಂತ ಬೈಗುಳ ಬೇರೆ.

ನಿಮ್ಮನೇಲೂ ಯಾರಿಗಾದರೂ ಈ ಆಪರೇಷನ್ ಆದರೆ ನೆನಪಿಟ್ಟುಕೊಳ್ಳಿ. ಮೀನಖಂಡ ಊದಿ ನೋವಾದರೆ, ಉಸಿರು ಕಟ್ಟಿದರೆ, ಗಾಯ ಸೋರಿದರೆ ತಕ್ಷಣ ಡಾಕ್ಟರ ಹತ್ತಿರ ಓಡಿ. ಉಳಿದಂತೆ, ದಿಂಬು ತಲೆ ಕೆಳಗೇ ಇರಲಿ.