ಮುಚ್ಚದೆ ಬಿಟ್ಟ ಬಾಗಿಲು

ಕಲಾವಿಭಾಗದ ವಿದ್ಯಾರ್ಥಿಯೊಬ್ಬನು ಸರ್ವರುಗಳ ವಿಷಯ ಬರೆಯಹೊರಟರೆ ವಾಚಕರು ನಕ್ಕಾರು. ಆದರೂ ಕಳೆದ ಬೇಸಗೆ ರಜೆಯಲ್ಲಿ ಹುಲ್ಲಹಳ್ಳಿಯ ನಮ್ಮ ಮನೆಯಲ್ಲಿ ನಡೆದುದನ್ನು ಬರೆಯದೆ ನನಗೆ ಸಮಾಧಾನವಿಲ್ಲ.

ನಮ್ಮ ಅಕ್ಕ ಬೆಂಗಳೂರಿನ ಒಂದು ಕಂಪೆನಿಯಲ್ಲಿ ಉದ್ಯೋಗಿ. ಕೆಲಸ ಆಗಿನ್ನೂ ಖಾಯಂ ಆಗಿರಲಿಲ್ಲ. ಔಷಧದಂಗಡಿಗಳ ಬೇಡಿಕೆಗಳನ್ನು ಉಗ್ರಾಣಕ್ಕೆ ಮುಟ್ಟಿಸುವ ಸರ್ವರೊಂದನ್ನು ಮನೆಯಿಂದಲೇ ನೋಡಿಕೊಳ್ಳುತ್ತಿದ್ದಳು. ಅದರಲ್ಲಿದ್ದ ತಂತ್ರಾಂಶದ ಹೆಸರು ರ‍್ಯಾಬಿಟ್‌ಎಂಕ್ಯೂ, 2007ರಲ್ಲಿ ಹುಟ್ಟಿದ್ದು. ಅಂಚೆಕಚೇರಿಯಂತೆ ಒಬ್ಬರ ಸಂದೇಶವನ್ನು ಪಡೆದು, ಸಾಲಿನಲ್ಲಿಟ್ಟು, ಬೇಕಾದವರಿಗೆ ಬಟವಾಡೆ ಮಾಡುವುದು ಅದರ ಕೆಲಸ. ಜಾವಾ ಕಲಿಯುವ ಹುಚ್ಚು ಹತ್ತಿದ್ದ ನನಗೆ ಅಕ್ಕ ಒಂದು ಚಿಕ್ಕ ಪ್ರೋಗ್ರಾಮು ಬರೆಯಲು ಕೊಟ್ಟಳು: 20 ಸೆಕೆಂಡಿಗೊಮ್ಮೆ ಉಗ್ರಾಣದ ದಾಸ್ತಾನಿನ ಲೆಕ್ಕವನ್ನು ಸರ್ವರಿಗೆ ಒಪ್ಪಿಸಬೇಕು. ಬರೆದೆ. ಮಧ್ಯಾಹ್ನ ಮೂರಕ್ಕೆ ಹೂಡಿದೆವು. ಓಡಿತು, ನಾನು ಬೀಗಿದೆ.

ಸಂಜೆ ಏಳಕ್ಕೆ ಸರ್ವರು ಹೊಸ ಸಂಪರ್ಕಗಳನ್ನು ಒಪ್ಪದಾಯಿತು. ಮೊದಲೇ ಒಳಹೊಕ್ಕವರ ವ್ಯವಹಾರವೆಲ್ಲ ಸುಸೂತ್ರ. ಹೊಸದಾಗಿ ಬಂದ ಅಂಗಡಿಗೆ ಮಾತ್ರ ಪ್ರವೇಶವಿಲ್ಲ. ಅಕ್ಕ ಎಲ್ಲವನ್ನೂ ನಿಲ್ಲಿಸಿ ಮತ್ತೆ ಹೂಡಿದಳು. ಸರಿಹೋಯಿತು. ರಾತ್ರಿ ಹನ್ನೊಂದಕ್ಕೆ ಪುನಃ ಅದೇ ಪಾಡು.

ಮೆಮೊರಿ ನೋಡಿದಳು, ಡಿಸ್ಕಿನ ಜಾಗ ನೋಡಿದಳು. ಇವು ಕಡಮೆಯಾದರೆ ಸಂದೇಶ ಕಳಿಸುವವರನ್ನು ಸರ್ವರು ತಡೆಹಿಡಿಯುವುದಂತೆ; ಆದರೆ ಎರಡೂ ಧಾರಾಳವಾಗಿದ್ದವು. ಕೊನೆಗೆ ಕಣ್ಣಿಗೆ ಬಿದ್ದದ್ದು ಇದು: ಸಾಕೆಟ್ಟುಗಳ ಮಿತಿ 829, ಬಳಕೆಯಲ್ಲಿರುವುವು 829. ಲಿನಕ್ಸು ಒಂದು ಪ್ರೋಗ್ರಾಮಿಗೆ ಸಾಮಾನ್ಯವಾಗಿ 1024 ಕಡತಗಳನ್ನು ತೆರೆಯಲು ಬಿಡುತ್ತದೆ. ಪ್ರತಿಯೊಂದು ಸಂಪರ್ಕವೂ ಆ ಲೆಕ್ಕದಲ್ಲಿ ಒಂದು ಕಡತವೇ. ಅಲ್ಲಿದ್ದ ಹಳೆಯ ಆವೃತ್ತಿ ತನ್ನ ಸ್ವಂತ ಖರ್ಚಿಗೆ ಒಂದಷ್ಟನ್ನು ಇಟ್ಟುಕೊಂಡು 829ನ್ನು ಮಾತ್ರ ಸಂಪರ್ಕಗಳಿಗೆ ಬಿಡುತ್ತಿತ್ತು.

ಮಿತಿಯನ್ನು ಏರಿಸಿಬಿಡಿ ಎಂದು ಮೇಲಿನವರು ಫೋನಿನಲ್ಲಿ ಹೇಳಿದರು. ಅಕ್ಕ ಒಪ್ಪಲಿಲ್ಲ. "ಅಂಗಡಿಗಳು ನೂರಿದ್ದಾವು. ಮಿಕ್ಕ ಏಳುನೂರು ಯಾರವು?" ಎಂದು ತನ್ನಷ್ಟಕ್ಕೆ ಅಂದುಕೊಂಡಳು. ಜಗಲಿಯಲ್ಲಿ ಮಲಗಿದ್ದ ನಮ್ಮ ಅಪ್ಪ ಕಬಿನಿ ನಾಲೆಯ ನೀರಿನಲ್ಲಿ ಬತ್ತ ಬೆಳೆದವರು. "ಬದು ಒಡೆದಿರೋವಾಗ ತೂಬು ದೊಡ್ಡದು ಮಾಡಿ ಏನು ಬಂತವ್ವಾ?" ಎಂದು ಗೊಣಗಿ ಮಗ್ಗುಲಾದರು.

ನನ್ನ ಎದೆ ಆಗಲೇ ಹೊಡೆದುಕೊಳ್ಳುತ್ತಿತ್ತು. ಗಂಟೆಗೆ 180, ನಾಲ್ಕು ಗಂಟೆಗೆ 720. ಅಕ್ಕ ಸಂಪರ್ಕಗಳ ಪಟ್ಟಿ ತೆಗೆದಳು. ಪುಟಪುಟದಲ್ಲೂ ಒಂದೇ ವಿಳಾಸ, ನನ್ನ ಪ್ರೋಗ್ರಾಮಿನದು! ಪ್ರತಿ ಸಲವೂ ಹೊಸ ಸಂಪರ್ಕ ತೆರೆದು, ಲೆಕ್ಕ ಒಪ್ಪಿಸಿ, ಅದನ್ನು ಮುಚ್ಚದೆ ಬಂದಿದ್ದೆ. ನಾನು ಮರೆತ ಆ ಸಂಪರ್ಕಗಳಾದರೋ, ತಾವಿನ್ನೂ ಬದುಕಿದ್ದೇವೆಂದು ಆಗಾಗ ಸರ್ವರಿಗೆ ನಾಡಿಮಿಡಿತ ಕಳಿಸುತ್ತ ವಿಧೇಯವಾಗಿ ಕುಳಿತಿದ್ದವು.

"ಬಾಗಿಲು ತೆಗೆದೋನು ಮುಚ್ಚಬೇಕು ಅಂತ ಯಾರೂ ಹೇಳಿಕೊಡಲಿಲ್ವೇನೋ?" ಎಂದಳು, ಅಷ್ಟೆ. ಒಂದೇ ಸಂಪರ್ಕವನ್ನು ತೆರೆದು ಅದನ್ನೇ ಬಳಸುವಂತೆ ತಿದ್ದಿದೆವು. ಬೆಳಗಿನ ಜಾವದವರೆಗೂ ಅಂಕಿ ನೂರರ ಆಸುಪಾಸಿನಲ್ಲೇ ನಿಂತಿತ್ತು.

ಆಮೇಲೆ ಫೋನು ಬಂತು. "ತಪ್ಪು ನನ್ನದೇ ಸಾರ್" ಎಂದಳು. ಹೊರಗಿನವನ ಕೈಗೆ ಕೆಲಸ ಕೊಟ್ಟಿದ್ದೆನೆಂದರೆ ನೌಕರಿಗೇ ಸಂಚಕಾರ. ನಾನು ಪಕ್ಕದಲ್ಲೇ ಕುಳಿತು ಪರದೆಯನ್ನು ನೋಡುತ್ತಿದ್ದೆ, ಬಾಯಿ ತೆರೆಯಲಿಲ್ಲ.

ಮುಂದಿನ ತಿಂಗಳು ಖಾಯಂ ಆಗಬೇಕಾಗಿದ್ದ ಕೆಲಸ ಮೂರು ತಿಂಗಳು ತಡವಾಯಿತು. ಅದನ್ನು ಅಕ್ಕ ಹೇಳಲಿಲ್ಲ, ಅಮ್ಮನಿಂದ ತಿಳಿಯಿತು. ಈಗ ಖಾಯಂ ಆಗಿದೆ, ಆದ್ದರಿಂದ ಬರೆಯುವ ಧೈರ್ಯ ಬಂದಿದೆ. ಈ ಸಂಚಿಕೆ ಅಚ್ಚಾದೊಡನೆ ಒಂದು ಪ್ರತಿಯನ್ನು ಅವಳಿಗೆ ಕಳಿಸುವವನಿದ್ದೇನೆ.