ಬಡ್ತಿಯ ಪತ್ರ

ಇಪ್ಪತ್ತೆರಡು ವರ್ಷಗಳ ಹಿಂದಿನ ಮಾತು. ಪರಿಚಿತ ಭಕ್ತರೊಬ್ಬರು ತಮ್ಮ ಸೊಸೆಯನ್ನು ನಮ್ಮಲ್ಲಿಗೆ ಕರೆತಂದರು. ಆಕೆ ಬ್ಯಾಂಕೊಂದರಲ್ಲಿ ಅಧಿಕಾರಿ. ಬಡ್ತಿ ಬಂದಿತ್ತು, ಅದರೊಡನೆ ದೂರದ ರಾಜ್ಯಕ್ಕೆ ವರ್ಗವೂ ಆಗಿತ್ತು. "ಮಕ್ಕಳು ಸಣ್ಣವರು, ಗುರುಗಳೇ. ತಾವೇ ನಾಲ್ಕು ಮಾತು ಹೇಳಬೇಕು" ಎಂದರು ಮಾವನವರು. ನಾವೂ ಹೇಳಿದೆವು: "ಈಗ ಬೇಡ ತಾಯಿ, ಮಕ್ಕಳು ದೊಡ್ಡವರಾಗಲಿ." ಆಕೆ ಮಾತಾಡದೆ ತಲೆಬಾಗಿದರು. ಅದನ್ನೇ ಸಮ್ಮತಿಯೆಂದು ತಿಳಿದೆವು.

ಎರಡು ವರ್ಷಗಳ ಬಳಿಕ ಆಕೆಯ ಪತಿಗೆ ಭೋಪಾಳಕ್ಕೆ ವರ್ಗವಾದಾಗ ವಿಭೂತಿ ಕೊಟ್ಟು ಹರಸಿ ಕಳುಹಿಸಿದವರೂ ನಾವೇ. ಮಕ್ಕಳನ್ನು ನೋಡಿಕೊಳ್ಳುವವರು ಯಾರೆಂದು ಆಗ ಕೇಳಲಿಲ್ಲ.

ಬ್ಯಾಂಕಿನ ಕ್ರಮ ನಮಗೆ ತಿಳಿದದ್ದು ತಡವಾಗಿ. ಅಲ್ಲಿ ಅಧಿಕಾರಿಗಳಿಗೆ ಶ್ರೇಣಿಯ ಮೇಲೆ ಶ್ರೇಣಿ. ಒಂದೊಂದರಲ್ಲೂ ಇಂತಿಷ್ಟು ವರ್ಷ ದುಡಿದೇ ಮುಂದಿನದನ್ನು ಏರಬೇಕು. ಅತ್ಯುನ್ನತ ಹುದ್ದೆಗೆ ಆರಿಸುವಾಗ ನಿವೃತ್ತಿಗೆ ಉಳಿದ ಕಾಲವನ್ನೂ ಎಣಿಸುತ್ತಾರೆ. ಮೂವತ್ತಾರರಲ್ಲಿ ಬೇಡವೆಂದುದರ ಬೆಲೆಯನ್ನು ಐವತ್ತಾರರಲ್ಲಿ ತೆರಬೇಕು. ಹೆಣ್ಣೆಂದು ತಡೆಯುವ ನಿಯಮ ಅಲ್ಲಿಲ್ಲ. ಆ ಕೆಲಸವನ್ನು ಮನೆಯವರೂ ನಮ್ಮಂತಹ ಹಿತೈಷಿಗಳೂ ಮಾಡಿಕೊಡುತ್ತೇವೆ.

1955ರಲ್ಲಿ ಸ್ಥಾಪನೆಯಾದ ಭಾರತೀಯ ಸ್ಟೇಟ್ ಬ್ಯಾಂಕಿಗೆ ಮೊದಲ ಮಹಿಳಾ ಅಧ್ಯಕ್ಷೆ ದೊರೆತದ್ದು 2013ರಲ್ಲಿ. 1977ರಲ್ಲಿ ಕೆಲಸಕ್ಕೆ ಸೇರಿದ್ದ ಅರುಂಧತಿ ಭಟ್ಟಾಚಾರ್ಯರು ಮಕ್ಕಳ, ಹಿರಿಯರ ಆರೈಕೆಗಾಗಿ ಮಹಿಳೆಯರಿಗೆ ಎರಡು ವರ್ಷಗಳವರೆಗಿನ ದೀರ್ಘ ರಜೆಯ ಅವಕಾಶ ಕಲ್ಪಿಸಿದರು. ತಡೆ ಎಲ್ಲಿದೆಯೆಂಬುದನ್ನು ನಡೆದು ಬಂದವರೇ ಬಲ್ಲರು.

ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚಿಗೆ ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ಹಿಂದಿರುಗಿಸಲು ಹೇಳಿದ ಕಥೆ ನಮ್ಮ ಮನೆಮನೆಗೂ ಗೊತ್ತು. ಇಂದಿನ ಮಾತಿನಲ್ಲಿ ಅದು ಲೆಕ್ಕಪರಿಶೋಧನೆಯೇ ಸರಿ. ಪ್ರವಚನಗಳಲ್ಲಿ ನಾವು ಅದನ್ನು ಎಷ್ಟು ಸಲ ಹೇಳಿದ್ದೇವೋ! ಆದರೆ ನಾವು ಸದಸ್ಯರಾಗಿರುವ ವಿದ್ಯಾಸಂಸ್ಥೆಯ ಆಡಳಿತ ಮಂಡಳಿಯಲ್ಲಿ ಇಂದಿಗೂ ಒಬ್ಬ ಹೆಣ್ಣುಮಗಳಿಲ್ಲ. ಸಭೆಯ ಉಪ್ಪಿಟ್ಟು ಮಾತ್ರ ಅವರ ಕೈಯದು. ಮುಂದಿನ ಸಭೆಯಲ್ಲಿ ಈ ವಿಷಯವೆತ್ತುವುದಾಗಿ ಅಧ್ಯಕ್ಷರಿಗೆ ಬರೆದಿದ್ದೇವೆ, ಉತ್ತರ ಬಂದಿಲ್ಲ.

ಕಳೆದ ಶ್ರಾವಣದಲ್ಲಿ ಆ ತಾಯಿ ಮತ್ತೆ ಬಂದಿದ್ದರು. ನಿವೃತ್ತಿಗೆ ಎರಡು ವರ್ಷ ಉಳಿದಿವೆ. ತಾವೇ ಕೆಲಸ ಕಲಿಸಿದ ಕಿರಿಯರೊಬ್ಬರು ಈಗ ತಮ್ಮ ಮೇಲಧಿಕಾರಿಯೆಂದು ನಗುತ್ತಲೇ ಹೇಳಿದರು. ಜೊತೆಯಲ್ಲಿ ಮಗಳಿದ್ದಳು, ಅವಳೂ ಬ್ಯಾಂಕ್ ಅಧಿಕಾರಿ, ಬಡ್ತಿ ಪಡೆದು ಗುವಾಹಟಿಗೆ ಹೊರಟವಳು. ನಮ್ಮ ನಾಲಗೆ ಏನನ್ನೋ ಹೇಳಲು ಮುಂದಾಯಿತು. ಅಷ್ಟರಲ್ಲಿ ತಾಯಿಯೇ, "ಸಲಹೆ ಬೇಡ ಗುರುಗಳೇ, ವಿಭೂತಿಯಷ್ಟೇ ಕೊಡಿರಿ" ಎಂದರು.

ಕೊಟ್ಟೆವು.